ಓದುಗರ ಸ್ಪಂದನ: ಒಂದೇ ಪಂಕ್ತಿ, ಬೇರೆ ಬೇರೆ ತಟ್ಟೆ

ಕಳೆದ ಸಂಚಿಕೆಯಲ್ಲಿ ವಿಜಯಪುರ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ತಮ್ಮ ಸಮಸ್ಯೆಯನ್ನು ಬರೆದುಕೊಂಡಿದ್ದರು. ಅವರ ಶಾಲೆಯಲ್ಲಿ ಹೆಚ್ಚಿನ ಮಕ್ಕಳು ಬಿಸಿಯೂಟದ ಜೊತೆ ಮೊಟ್ಟೆ ತೆಗೆದುಕೊಳ್ಳುತ್ತಾರೆ, ಒಲ್ಲದವರಿಗೆ ಬಾಳೆಹಣ್ಣು ಕೊಡಲಾಗುತ್ತದೆ. ‘ಶಾಲೆಯಲ್ಲಿ ಮಕ್ಕಳೆಲ್ಲ ಸಮಾನರು, ಒಂದೇ ಪಂಕ್ತಿಯಲ್ಲಿ ಎರಡು ಬಗೆ ಇರಕೂಡದು, ಎಲ್ಲರಿಗೂ ಬಾಳೆಹಣ್ಣೇ ಕೊಡಿ’ ಎಂದು ಊರಿನ ಕೆಲವು ಹಿರಿಯರು ಸಮಿತಿಯಲ್ಲಿ ಠರಾವು ಮಾಡಿಸಲು ಒತ್ತಾಯಿಸುತ್ತಿದ್ದಾರೆ. ಅಧ್ಯಕ್ಷರ ಮನೆಯಲ್ಲಿ ಮೊಟ್ಟೆ ತಿನ್ನುವ ರೂಢಿಯಿಲ್ಲ; ಅವರ ಮಗಳೂ ಅದೇ ಶಾಲೆಯ ಐದನೇ ತರಗತಿಯಲ್ಲಿದ್ದಾಳೆ. ‘ಸಮಾನತೆ ಎಂಬ ಮಾತಿಗೆ ನಾನು ಎದುರು ಹೇಳುವುದು ಹೇಗೆ?’ ಎಂದು ಅವರು ಕೇಳಿದ್ದರು.

ನಿವೃತ್ತ ಮುಖ್ಯೋಪಾಧ್ಯಾಯರು, ರಾಯಚೂರು ಜಿಲ್ಲೆ

ಅಧ್ಯಕ್ಷರೇ, ನಿಮ್ಮ ಇಕ್ಕಟ್ಟು ನನಗೆ ಹೊಸದಲ್ಲ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ನಿಮ್ಮ ವಿಜಯಪುರ ಜಿಲ್ಲೆಗಳ ಶಾಲೆಗಳಿಗೆ ಮೊಟ್ಟೆ ಬಂದಾಗ ನಾನು ಸೇವೆಯ ಕೊನೆಯ ದಿನಗಳಲ್ಲಿದ್ದೆ. ಕೆಲವು ಮಠಾಧೀಶರು ಬಹಿರಂಗವಾಗಿಯೇ ವಿರೋಧಿಸಿದರು. ನಮ್ಮ ಊರಿನ ಹಿರಿಯರು ಶಾಲೆಗೆ ಬಂದು, ಮೊಟ್ಟೆ ಮೈಲಿಗೆ ಎಂದು ಹೇಳದೆ, ಮಕ್ಕಳಲ್ಲಿ ಭೇದ ಹುಟ್ಟುತ್ತದೆ ಎಂದು ಹೇಳಿದರು. ಮೈಲಿಗೆ ಎಂದಿದ್ದರೆ ನಾನು ಆಗಲೇ ಉತ್ತರಿಸುತ್ತಿದ್ದೆ. ಭೇದ ಎಂದದ್ದರಿಂದ ನನ್ನ ಬಾಯಿ ಕಟ್ಟಿತು.

ಆಮೇಲೆ ನಾನು ಲೆಕ್ಕ ಹಾಕಿದೆ. ಬಿಸಿಯೂಟದ ನಿಯಮದಂತೆ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ಆರರಿಂದ ಎಂಟನೇ ತರಗತಿಯವರಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ದೊರೆಯಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಒಂದು ಬಾಳೆಹಣ್ಣಿನಲ್ಲಿ ಸುಮಾರು ಒಂದು ಗ್ರಾಂ ಇದ್ದೀತು. ಎಲ್ಲರ ಕೈಗೂ ಬಾಳೆಹಣ್ಣು ಕೊಟ್ಟರೆ ಬಾಗಿಲಲ್ಲಿ ನಿಂತು ನೋಡುವವರಿಗೆ ಪಂಕ್ತಿ ಸಮವಾಗಿ ಕಾಣುತ್ತದೆ. ಆದರೆ ಮನೆಯಲ್ಲಿ ಎಮ್ಮೆ ಕಟ್ಟಿದವರ ಮಗುವಿಗೆ ಸಂಜೆ ಹಾಲು, ಮೊಸರು ಸಿಗುತ್ತದೆ. ತಾಯಿ-ತಂದೆ ಸುಗ್ಗಿ ಮುಗಿದೊಡನೆ ಗುಳೆ ಹೋಗಿ, ಅಜ್ಜಿಯ ಬಳಿ ಉಳಿದು, ಬೆಳಿಗ್ಗೆ ತಂಗಳು ರೊಟ್ಟಿಗೆ ಖಾರ ಹಚ್ಚಿಕೊಂಡು ತಿಂದು ಬಂದ ಮಗುವಿಗೆ ಆ ಮೊಟ್ಟೆಯ ಬದಲಿಗೆ ಬೇರೇನೂ ಸಿಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ಅಂದು ಅಂಗನವಾಡಿಯ ವಯಸ್ಸಿನಲ್ಲಿದ್ದ ಮಕ್ಕಳೇ ಈಗ ನಿಮ್ಮ ಪಂಕ್ತಿಯಲ್ಲಿ ತಟ್ಟೆ ಹಿಡಿದು ಕುಳಿತಿದ್ದಾರೆ.

ಆದ್ದರಿಂದ ಹಿರಿಯರಿಗೆ ನೀವು ಎದುರು ಹೇಳಬೇಕಾದ ಅಗತ್ಯವೇ ಇಲ್ಲ. ಸಮಾನತೆ ಬೇಕು ಎಂಬ ಅವರ ಮಾತನ್ನು ಒಪ್ಪಿಕೊಂಡು, ಹಾಗಾದರೆ ಆರು ಗ್ರಾಂ ಎಲ್ಲರಿಗೂ ಸಮನಾಗಿ ಸಿಗಲಿ ಎಂದು ಕೇಳಿ. ಮೊಟ್ಟೆ ಒಲ್ಲದ ಮಗುವಿಗೆ ಬಾಳೆಹಣ್ಣಿನ ಜೊತೆ 25 ಗ್ರಾಂ ಹುರಿದ ಶೇಂಗಾ ಕೊಟ್ಟರೆ ಹೆಚ್ಚುಕಡಿಮೆ ಅಷ್ಟೇ ಪ್ರೋಟೀನ್ ಸಿಗುತ್ತದೆ, ಮತ್ತು ನಿಮ್ಮ ಸೀಮೆಯಲ್ಲಿ ಶೇಂಗಾಕ್ಕೆ ಬರವಿಲ್ಲ. ಭೇದದ ಬಗ್ಗೆ ಅಷ್ಟು ನೋವಿರುವ ಹಿರಿಯರು ಸುಗ್ಗಿಯಲ್ಲಿ ಒಂದೆರಡು ಚೀಲ ಶೇಂಗಾವನ್ನು ಶಾಲೆಗೆ ಕೊಡಲಿ. ಇದನ್ನು ಛಲಕ್ಕಾಗಿ ಹೇಳುತ್ತಿಲ್ಲ. ನಮ್ಮ ಊರಿನಲ್ಲಿ ಕೇಳಿದಾಗ ಇಬ್ಬರು ನಿಜವಾಗಿಯೂ ಕೊಟ್ಟರು. ಠರಾವಿನ ಮಾತು ಮತ್ತೆ ಬಂದರೆ ಸಹಿ ಹಾಕುವ ಮೊದಲು ತಾಲ್ಲೂಕಿನ ಅಕ್ಷರ ದಾಸೋಹ (ಬಿಸಿಯೂಟ ಯೋಜನೆ) ಸಹಾಯಕ ನಿರ್ದೇಶಕರಿಗೆ ಬರೆದು, ಅವರ ಉತ್ತರವನ್ನು ಸಭೆಯ ಮುಂದಿಡಿ.

ಗೃಹಿಣಿ, ಧಾರವಾಡ

ನಾನು ಮೊಟ್ಟೆ ತಿನ್ನದವಳು. ನಿಮ್ಮ ಮಗಳ ಕಡೆಯಿಂದ ಒಂದು ಮಾತು ಹೇಳಬೇಕೆನಿಸಿತು, ಅಣ್ಣಾ.

ನಾನು ಓದುವಾಗ ಎರಡು ವರ್ಷ ಒಂದು ಹಾಸ್ಟೆಲಿನಲ್ಲಿದ್ದೆ. ಅಲ್ಲಿನ ಮೇಲ್ವಿಚಾರಕರು ಒಳ್ಳೆಯವರೇ. ಜಾತಿಯ ಅಭಿಮಾನ ಮುರಿಯಬೇಕು ಎಂಬ ಉದ್ದೇಶದಿಂದ ಭಾನುವಾರ ಎಲ್ಲರೂ ಮೊಟ್ಟೆ ತಿನ್ನಲೇಬೇಕು ಎಂದು ನಿಯಮ ಮಾಡಿದ್ದರು. ನಾನು ಎರಡು ಸಲ ನುಂಗಿ ಎರಡು ಸಲವೂ ವಾಂತಿ ಮಾಡಿಕೊಂಡೆ. ಯಾವ ಗೆಳತಿಯ ತಟ್ಟೆಯ ಪಕ್ಕದಲ್ಲಿ ಕುಳಿತು ಉಣ್ಣಲು ನನಗೆ ಯಾವ ಅಡ್ಡಿಯೂ ಇರಲಿಲ್ಲವೋ ಆ ಗೆಳತಿಯೇ ಅಂದಿನಿಂದ ನನ್ನ ಪಕ್ಕದಲ್ಲಿ ಉಣ್ಣಲು ಸಂಕೋಚಪಟ್ಟಳು, ತನ್ನ ಊಟ ನನಗೆ ಹೇಸಿಗೆ ತರುತ್ತದೆ ಎಂದು ಅವಳು ಭಾವಿಸಿದ್ದಳು. ಆ ನಿಯಮ ಇಲ್ಲದಿದ್ದರೆ ಅವಳಿಗೆ ಆ ನೋವು ಆಗುತ್ತಲೇ ಇರಲಿಲ್ಲ. ಎಲ್ಲರಿಗೂ ಮೊಟ್ಟೆ ಎಂದ ಆ ನಿಯಮವೂ ಎಲ್ಲರಿಗೂ ಬಾಳೆಹಣ್ಣು ಎನ್ನುವ ನಿಮ್ಮ ಹಿರಿಯರ ನಿಯಮವೂ ನನಗೆ ಬೇರೆಯಾಗಿ ಕಾಣುವುದಿಲ್ಲ. ಎರಡೂ ಕಡೆ ಮಗುವಿನ ನಾಲಿಗೆಯನ್ನು, ಮನಸ್ಸನ್ನು ಯಾರೂ ಕೇಳಲಿಲ್ಲ.

ನಿಮ್ಮ ಮಗಳು ಬಾಳೆಹಣ್ಣು ತಿಂದುಕೊಂಡು ಮೊಟ್ಟೆ ತಿನ್ನುವವರ ನಡುವೆ ನೆಮ್ಮದಿಯಾಗಿ ಕುಳಿತಿದ್ದರೆ ಅವಳನ್ನು ಹಾಗೆಯೇ ಇರಲು ಬಿಡಿ. ಮುಂದೊಂದು ದಿನ ಅವಳೇ ಮೊಟ್ಟೆ ಕೇಳಿದರೆ ಏನು ಮಾಡುವಿರಿ ಎಂಬುದನ್ನು ಮಾತ್ರ ಈಗಲೇ ಯೋಚಿಸಿಟ್ಟುಕೊಳ್ಳಿ. ಊರಿನ ಮಕ್ಕಳ ಆಯ್ಕೆಯನ್ನು ಕಾಯಲು ಹೊರಟವರಿಗೆ ಆ ಪ್ರಶ್ನೆ ಮನೆಯೊಳಗೂ ಬಂದೇ ಬರುತ್ತದೆ.

ಉಪನ್ಯಾಸಕ, ತುಮಕೂರು

ಆಯ್ಕೆ ಇದ್ದರೆ ಸಾಕು, ಎಲ್ಲವೂ ಸರಿಹೋಗುತ್ತದೆ ಎಂದು ಅಧ್ಯಕ್ಷರಿಗೆ ಹಲವರು ಬರೆಯುತ್ತಾರೆ. ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ತರಗತಿಯಲ್ಲಿ ‘ಮೊಟ್ಟೆ ತಿನ್ನುವವರು ಕೈ ಎತ್ತಿ’ ಎಂದಾಗ ಏಳುವುದು ಕೈಗಳಷ್ಟೇ ಅಲ್ಲ, ಜಾತಿಯೂ ಎದ್ದು ನಿಲ್ಲುತ್ತದೆ ಎಂಬುದು ಕೈ ಎತ್ತಿದವರಿಗೆ ಗೊತ್ತು. ಆಮೇಲೆ ಎರಡು ಸಾಲು, ಎರಡು ಬುಟ್ಟಿ, ಎರಡು ಜಗುಲಿ ಆಗಲು ಬಹಳ ದಿನ ಬೇಕಾಗುವುದಿಲ್ಲ. ಹಿರಿಯರು ಹೇಳುವ ಭೇದ ಪೂರ್ತಿ ಸುಳ್ಳಲ್ಲ. ಅದು ಮೊಟ್ಟೆಯಿಂದ ಹುಟ್ಟುತ್ತದೆ ಎಂಬುದು ಮಾತ್ರ ಸುಳ್ಳು.

ನನ್ನ ತಾಯಿ ಬಿಸಿಯೂಟದ ಅಡುಗೆಯವರಾಗಿದ್ದರು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಬೇಕೆಂದು 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ಆದೇಶದ ಬಲದಿಂದ ಅವರಿಗೆ ಆ ಕೆಲಸ ಸಿಕ್ಕಿತು. ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೇ ಊರಿನ ಮೇಲುಕೇರಿಯ ಹನ್ನೊಂದು ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದರು. ಆಗ ತಟ್ಟೆಯಲ್ಲಿ ಇದ್ದದ್ದು ಅನ್ನ ಮತ್ತು ಬೇಳೆ ಸಾರು, ಎಲ್ಲರಿಗೂ ಒಂದೇ. ಪಂಕ್ತಿಯಲ್ಲಿ ಎರಡು ಬಗೆ ಇರಕೂಡದು ಎಂದು ಆ ದಿನ ಒಬ್ಬ ಹಿರಿಯರೂ ಶಾಲೆಗೆ ಬಂದು ಕೇಳಲಿಲ್ಲ.

ಆದ್ದರಿಂದ ಅಧ್ಯಕ್ಷರು ಮೊದಲು ಕಾಯಬೇಕಾದದ್ದು ಕುಳಿತುಕೊಳ್ಳುವ ಕ್ರಮವನ್ನು. ಬಂದ ಹಾಗೆ ಮಕ್ಕಳು ಕುಳಿತುಕೊಳ್ಳಲಿ. ಹೆಸರಿನ ಪಟ್ಟಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದು ಬೇಡ. ಮೊಟ್ಟೆಯ ಬುಟ್ಟಿಯೂ ಹಣ್ಣಿನ ಬುಟ್ಟಿಯೂ ಒಟ್ಟಿಗೇ ಸಾಲಿನುದ್ದಕ್ಕೂ ಬರಲಿ, ಮಗು ತನಗೆ ಬೇಕಾದದ್ದನ್ನು ತಾನೇ ಎತ್ತಿಕೊಳ್ಳಲಿ. ತಿಂಗಳಿಗೊಮ್ಮೆ ನೀವು ಮತ್ತು ಆ ಹಿರಿಯರು ಬಂದು ಅದೇ ಸಾಲಿನಲ್ಲಿ, ಅದೇ ಅಡುಗೆಯವರ ಕೈಯಿಂದ ಬಡಿಸಿಕೊಂಡು ಉಣ್ಣಿರಿ. ಅದಕ್ಕೆ ಅವರು ಒಪ್ಪಿದರೆ ಅವರ ಸಮಾನತೆಯ ಮಾತನ್ನು ನಾನು ಗೌರವಿಸುತ್ತೇನೆ.

ಮುಖ್ಯ ಅಡುಗೆಯವರು, ಬಾಗಲಕೋಟೆ ಜಿಲ್ಲೆ

ಅಧ್ಯಕ್ಷರಿಗೆ ನಮಸ್ಕಾರ. ಪತ್ರವನ್ನು ನನ್ನ ಸೊಸೆ ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆದಿದ್ದಾಳೆ.

ಮೊದಲು ವಾರಕ್ಕೆ ಎರಡು ದಿನ ತತ್ತಿ ಇತ್ತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ಇನ್ನು ನಾಲ್ಕು ದಿನದ ವೆಚ್ಚ ಕೊಡುತ್ತಿರುವುದರಿಂದ ಈಗ ಆರು ದಿನವೂ ಕುದಿಸುತ್ತೇವೆ. ತತ್ತಿ ಒಲ್ಲದ ಮನೆಯವರಿಗೆ ನಿಜವಾದ ಚಿಂತೆ ಇರುವುದು ಪಾತ್ರೆಯ ಬಗ್ಗೆ ಎಂದು ನಮಗೆ ಬೇಗ ತಿಳಿಯಿತು. ತತ್ತಿಗೆ ಬೇರೆ ಬೋಗುಣಿ ಇಟ್ಟು, ಸುಲಿಯುವ ಜಾಗವನ್ನು ಅಡುಗೆ ಕೋಣೆಯ ಹೊರಗೆ ಮಾಡಿದೆವು, ಸುಲಿದವರು ಸೋಪು ಹಚ್ಚಿ ಕೈ ತೊಳೆದುಕೊಂಡೇ ಸಾರಿನ ಸೌಟು ಹಿಡಿಯುತ್ತೇವೆ. ಮೂವರು ತಾಯಂದಿರನ್ನು ಒಳಗೆ ಕರೆದು ಇದನ್ನೆಲ್ಲ ತೋರಿಸಿದ ಮೇಲೆ ಟಿ.ಸಿ. ಕೇಳುತ್ತಿದ್ದ ಆ ಮನೆಗಳವರು ಮಕ್ಕಳನ್ನು ಇಲ್ಲಿಯೇ ಉಳಿಸಿದರು. ಅವರ ಮಕ್ಕಳು ಈಗಲೂ ಹಣ್ಣನ್ನೇ ತೆಗೆದುಕೊಳ್ಳುತ್ತಾರೆ, ತತ್ತಿ ತಿನ್ನುವ ಗೆಳೆಯರ ಪಕ್ಕದಲ್ಲಿಯೇ ಕುಳಿತುಕೊಳ್ಳುತ್ತಾರೆ. ನಿಮ್ಮ ಹಿರಿಯರನ್ನೂ ಸಭೆಗಿಂತ ಮೊದಲು ಒಮ್ಮೆ ಅಡುಗೆ ಕೋಣೆಗೆ ಕರೆದುಕೊಂಡು ಬನ್ನಿ.