ಚಿತ್ರದುರ್ಗದ ಗುಡ್ಡದ ಮೇಲೆಲ್ಲ ಫ್ಯಾನ್, ನಮ್ಮ ಮಲೆನಾಡಿನ ಬೆಟ್ಟದಲ್ಲಿ ಯಾಕಿಲ್ಲ?

ಬಿದನೂರಿನವ:

ನಮ್ಮೂರು ಹೊಸನಗರ ತಾಲೂಕು, ನಗರದ ಹತ್ತಿರ. ಚಿತ್ರದುರ್ಗದ ಕಡೆ ಹೋದಾಗಲೆಲ್ಲ ಇದೇ ಪ್ರಶ್ನೆ ತಲೆಗೆ ಬರುತ್ತದೆ. ಹೊಳಲ್ಕೆರೆ ದಾಟಿ ದುರ್ಗದ ಹತ್ತಿರ ಬಂದರೆ ಗುಡ್ಡದ ನೆತ್ತಿ ಮೇಲೆ ಸಾಲಾಗಿ ಕರೆಂಟ್ ತಯಾರಿಸುವ ಗಾಳಿ ಫ್ಯಾನ್. ಎತ್ತರದಲ್ಲಿ ಆ ಗುಡ್ಡಗಳು ನಮ್ಮ ಕೊಡಚಾದ್ರಿ ಮುಂದೆ ಏನೂ ಅಲ್ಲ. ಕೊಡಚಾದ್ರಿ 1343 ಮೀಟರ್. ಆಷಾಢದಲ್ಲಿ ಸರ್ವಜ್ಞ ಪೀಠದ ಹತ್ತಿರ ಕೊಡೆ ಬಿಚ್ಚುವುದಿರಲಿ, ನೆಟ್ಟಗೆ ನಿಲ್ಲುವುದೇ ಕಷ್ಟ. ಮಳೆಗಾಲದಲ್ಲಿ ತೋಟದ ಅಡಿಕೆ ಮರ ಮುರಿದು ಬೀಳುವುದು ಬೇರೆ. ಹೀಗಿದ್ದೂ ನಮ್ಮ ಕಡೆ ಒಂದು ದೊಡ್ಡ ವಿಂಡ್ ಫಾರ್ಮ್ ಇಲ್ಲ. ಇದು ಬರೀ ಫಾರೆಸ್ಟ್‌ನವರ ತಕರಾರಾ, ಬೇರೆ ಕಾರಣ ಇದೆಯಾ?

ಇನ್ನೊಂದು ವಿಷಯ. ನಮ್ಮ ಮಾವನ ಜಮೀನು ಶಿಕಾರಿಪುರದ ಆಚೆ, ಬಯಲಿನ ಕಡೆ ಇದೆ. ಗುಡ್ಡದ ಮೇಲಿನ ಕಲ್ಲು ಜಮೀನು, ಮೆಕ್ಕೆಜೋಳ ಬಿಟ್ಟರೆ ಬೇರೆ ಏನೂ ಬರುವುದಿಲ್ಲ. ಅಲ್ಲಿಗೆ ಒಬ್ಬ ಬ್ರೋಕರ್ ಬಂದು ಫ್ಯಾನ್ ಕಂಪನಿಗೆ ಜಾಗ ಬೇಕು, ಅಡ್ವಾನ್ಸ್ ಕೊಡುತ್ತೇವೆ, ಅಗ್ರಿಮೆಂಟಿಗೆ ಸಹಿ ಹಾಕಿ ಅನ್ನುತ್ತಿದ್ದಾನೆ. ನಂಬಬಹುದಾ? ತಿಳಿದವರು ಹೇಳಿ.

ಮಾಸ್ಟ್ ಹತ್ತಿದವ:

ಗಾಳಿ ಅಳೆಯುವ ಎತ್ತರದ ಕಂಬ, ಅಂದರೆ ಮಾಸ್ಟ್, ನಿಲ್ಲಿಸುವ ಕೆಲಸದಲ್ಲಿದ್ದೆ, ಹಾಗಾಗಿ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು, ಮೈಗೆ ಹೊಡೆಯುವ ಗಾಳಿ ಬೇರೆ, ಫ್ಯಾನ್‌ಗೆ ಬೇಕಾದ ಗಾಳಿ ಬೇರೆ. ಸೆಕೆಂಡಿಗೆ 3 ಮೀಟರ್ ಆಸುಪಾಸಿನ ಗಾಳಿಗೆ ಫ್ಯಾನ್ ಕರೆಂಟ್ ಕೊಡಲು ಶುರು ಮಾಡುತ್ತದೆ. ಹನ್ನೊಂದು ಹನ್ನೆರಡು ಮೀಟರ್‌ಗೆ ಪೂರ್ತಿ ಸಾಮರ್ಥ್ಯ ಮುಟ್ಟುತ್ತದೆ. ಅಲ್ಲಿಂದ ಮೇಲೆ ಗಾಳಿ ಎಷ್ಟು ಜಾಸ್ತಿಯಾದರೂ ಕರೆಂಟ್ ಅಷ್ಟೇ. 25 ದಾಟಿತೋ, ಸಾಮಾನ್ಯವಾಗಿ ಯಂತ್ರ ತಾನೇ ನಿಂತುಬಿಡುತ್ತದೆ. ಆಷಾಢದಲ್ಲಿ ನಾಲ್ಕು ದಿನ ಹುಚ್ಚು ಗಾಳಿ ಬಂದರೆ ಯಾರಿಗೂ ಲಾಭವಿಲ್ಲ. ಬೇಕಾದದ್ದು ತಿಂಗಳುಗಟ್ಟಲೆ ಒಂದೇ ಸಮನೆ, ಒಂದೇ ದಿಕ್ಕಿನಿಂದ ಬೀಸುವ ಹದವಾದ ಗಾಳಿ. ಅದರಲ್ಲೂ ಸಣ್ಣ ವ್ಯತ್ಯಾಸವೇ ದೊಡ್ಡದು, ಯಾಕೆಂದರೆ ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸರಾಸರಿ 6 ಮೀಟರ್ ಇರುವ ಜಾಗಕ್ಕಿಂತ 7 ಮೀಟರ್ ಇರುವ ಜಾಗದ ಗಾಳಿಯಲ್ಲಿ ಸುಮಾರು 60 ಪರ್ಸೆಂಟ್ ಜಾಸ್ತಿ ಶಕ್ತಿ ಇರುತ್ತದೆ. ಅದಕ್ಕೇ ಕಂಪನಿಗಳು ಅರ್ಧ ಮೀಟರ್ ವ್ಯತ್ಯಾಸಕ್ಕೂ ತಲೆ ಕೆಡಿಸಿಕೊಳ್ಳುವುದು.

ಈಗ ಮಲೆನಾಡು. ಅರಬ್ಬಿ ಕಡೆಯಿಂದ ಬರುವ ಮುಂಗಾರು ಗಾಳಿ ಘಟ್ಟದ ಗೋಡೆಗೆ ಬಡಿದು ಮೇಲೇರುತ್ತದೆ, ನೀರೆಲ್ಲ ಅಲ್ಲೇ ಸುರಿಸುತ್ತದೆ. ಪಶ್ಚಿಮದ ಕಡೆ ಬೆಟ್ಟ ಕಡಿದಾಗಿರುವುದರಿಂದ ತುದಿಯಲ್ಲಿ ಗಾಳಿ ಒಡೆದು ಸುಳಿಯಾಗುತ್ತದೆ. ನೀವು ಕೊಡಚಾದ್ರಿಯಲ್ಲಿ ಎಡಕ್ಕೂ ಬಲಕ್ಕೂ ತಳ್ಳಿಸಿಕೊಂಡಿದ್ದು ಅದನ್ನೇ. ಆ ಸುಳಿಗೆ ಸಿಕ್ಕಿದ ರೆಕ್ಕೆಯ ಮೇಲಿನ ಭಾಗಕ್ಕೆ ಒಂದು ಹೊಡೆತ, ಕೆಳಗಿನ ಭಾಗಕ್ಕೆ ಇನ್ನೊಂದು. ಗೇರ್‌ಬಾಕ್ಸ್, ಬೇರಿಂಗ್ ಬಾಳುವುದಿಲ್ಲ. ಜೊತೆಗೆ ಕಾಡು. ಮರಗಳು ಗಾಳಿಯನ್ನು ತಡೆದು ಕದಡುತ್ತವೆ, ಆ ಗೊಂದಲ ಮರದ ಎತ್ತರಕ್ಕಿಂತ ಎಷ್ಟೋ ಪಟ್ಟು ದೂರದವರೆಗೆ ಹೋಗುತ್ತದೆ.

ಚಿತ್ರದುರ್ಗದಲ್ಲಿ ಇದೆಲ್ಲ ಉಲ್ಟಾ. ಅದು ಮಳೆನೆರಳಿನ ಬಯಲು. ಗಾಳಿ ಘಟ್ಟ ದಾಟಿ ಇಳಿದು ದಾರಿ ಸರಿ ಮಾಡಿಕೊಂಡು ಬರುತ್ತದೆ, ಮಧ್ಯೆ ತಡೆಯುವ ದಟ್ಟ ಕಾಡಿಲ್ಲ. ಅಲ್ಲಿನ ಗುಡ್ಡಗಳ ಸಾಲು ಸುಮಾರಾಗಿ ಉತ್ತರ ದಕ್ಷಿಣವಾಗಿ ಮಲಗಿದೆ, ಮುಂಗಾರು ಗಾಳಿ ಅದಕ್ಕೆ ಅಡ್ಡ ಬರುತ್ತದೆ. ಇಂಥ ಸಾಲಿನ ನೆತ್ತಿ ದಾಟುವಾಗ ಗಾಳಿಯ ವೇಗ ಹೆಚ್ಚುತ್ತದೆ. ಗದಗಿನ ಕಪ್ಪತಗುಡ್ಡದ ಸಾಲೂ ಇದೇ ಥರ. ಬೆಟ್ಟದ ಎತ್ತರಕ್ಕಿಂತ ಅದು ಯಾವ ಕಡೆಗೆ ಮಲಗಿದೆ, ಸುತ್ತ ಏನಿದೆ ಅನ್ನುವುದು ಮುಖ್ಯ.

ಹಾಗಂತ ಪಶ್ಚಿಮ ಘಟ್ಟವೇ ಆಗುವುದಿಲ್ಲ ಅಂತಲ್ಲ. ಕನ್ಯಾಕುಮಾರಿ ಹತ್ತಿರದ ಮುಪ್ಪಂದಲ್ ಘಟ್ಟದ ಸಂದಿಯಲ್ಲಿದೆ, ಗಾಳಿ ಅಲ್ಲಿ ನುಗ್ಗಿ ಬರುತ್ತದೆ. ಸಾತಾರಾದ ಚಾಳ್ಕೆವಾಡಿಯಲ್ಲಿ ಘಟ್ಟದ ತಲೆಯೇ ಚಪ್ಪಟೆ, ಮರವೂ ಕಡಿಮೆ. ನಮ್ಮ ಹೊಸನಗರ, ತೀರ್ಥಹಳ್ಳಿಯಲ್ಲಿ ಅಂಥ ಸಂದಿಯೂ ಇಲ್ಲ, ಅಂಥ ಬೋಳು ಬಯಲೂ ಇಲ್ಲ.

ಕಾನುಕಾಡು:

ಫಾರೆಸ್ಟ್‌ನವರ "ತಕರಾರು" ಅಂದಿದ್ದೀರಲ್ಲ ಮಾರಾಯ್ರೆ, ಕೊಡಚಾದ್ರಿ ಇರುವುದೇ ಮೂಕಾಂಬಿಕಾ ಅಭಯಾರಣ್ಯದಲ್ಲಿ! ಈ ಕಡೆ ಶೆಟ್ಟಿಹಳ್ಳಿ ಅಭಯಾರಣ್ಯ, ಆ ಕಡೆ ಶರಾವತಿ ಸಿಂಗಳೀಕ ಅಭಯಾರಣ್ಯ, ಕೆಳಗೆ ಸೋಮೇಶ್ವರ, ಕುದುರೆಮುಖ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದೆ. ಇದರ ಮಧ್ಯೆ ಎಲ್ಲಿ ಅಂತ ಫ್ಯಾನ್ ಹಾಕುತ್ತೀರಿ?

ಜನ ಕಂಬ ನೆಟ್ಟ ಜಾಗವನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಬೆಟ್ಟದಲ್ಲಿ ನಿಜವಾದ ಹಾಳು ರಸ್ತೆಯಿಂದ. ಕ್ರೇನ್ ಹೋಗುವ ಅಗಲಕ್ಕೆ ನೆತ್ತಿಯವರೆಗೆ ಧರೆ ಕಡಿಯಬೇಕು, ನಮ್ಮ ಮಳೆಗೆ ಆ ಮಣ್ಣು ನಿಲ್ಲುತ್ತದಾ? ಮಹಾರಾಷ್ಟ್ರದ ಭೀಮಾಶಂಕರದ ಹತ್ತಿರ ಹೀಗೇ ಆದದ್ದನ್ನು ಪಶ್ಚಿಮ ಘಟ್ಟದ ಅಧ್ಯಯನಕ್ಕೆ ಕೇಂದ್ರ ನೇಮಿಸಿದ್ದ ಗಾಡ್ಗೀಳ್ ಸಮಿತಿ 2011ರ ವರದಿಯಲ್ಲಿ ಬರೆದಿದೆ. ಇನ್ನೂ ವಿಚಿತ್ರ ಅಂದರೆ ಪರಿಸರ ಪರಿಣಾಮ ಅಧ್ಯಯನ ಕಡ್ಡಾಯ ಇರುವ 2006ರ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲವೇ ಇಲ್ಲ. ಅದನ್ನು ಸೇರಿಸಿ ಅಂತ ಕಸ್ತೂರಿರಂಗನ್ ಸಮಿತಿಯೂ ಹೇಳಿತ್ತು. ನಮ್ಮಲ್ಲಿ ಕಸ್ತೂರಿರಂಗನ್ ಹೆಸರೆತ್ತಿದರೆ ಜಗಳ ಶುರು, ಇಲ್ಲಿ ಬೇಡ ಬಿಡಿ.

ಮೇಲೆ ಚಾಳ್ಕೆವಾಡಿ ಹೆಸರು ಬಂತು. ಅಲ್ಲಿ ಬೆಂಗಳೂರಿನ ಐಐಎಸ್‌ಸಿಯವರು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಫ್ಯಾನ್ ಇರುವ ಜಾಗದಲ್ಲಿ ಬೇಟೆ ಹಕ್ಕಿಗಳು ಫ್ಯಾನ್ ಇಲ್ಲದ ಜಾಗದ ಕಾಲುಭಾಗದಷ್ಟು ಮಾತ್ರ. ಹಿಡಿಯುವವರಿಲ್ಲ ಅಂತ ಓತಿಗಳ ಸಂಖ್ಯೆ ಏರಿತ್ತು. ಅದು ಬೋಳು ಗುಡ್ಡದ ಕಥೆ. ನಮ್ಮ ಕಾಡಿನಲ್ಲಿ ಮಂಗಟ್ಟೆ ಹಕ್ಕಿ, ಬಾವಲಿ ಎಲ್ಲ ಇವೆ.

ಲಾರಿ ಲೈನು:

ದೊಡ್ಡ ರೆಕ್ಕೆ ಸಾಗಿಸುವ ಗಾಡಿಯ ಹಿಂದೆ ಮುಂದೆ ಪೈಲಟ್ ಗಾಡಿ ಓಡಿಸಿದವನು ನಾನು. ಈಗಿನ ದೊಡ್ಡ ಯಂತ್ರದ ಒಂದೊಂದು ರೆಕ್ಕೆ 60, 70 ಮೀಟರ್ ಬರುತ್ತದೆ. ಬಿಚ್ಚಿ ತುಂಡು ಮಾಡಿ ತರುವ ಹಾಗಿಲ್ಲ, ಇಡೀ ಒಂದೇ ಪೀಸ್. ಆಗುಂಬೆ ಘಾಟಿಯ 14 ತಿರುವಿನಲ್ಲಿ ದೊಡ್ಡ ಲಾರಿಗೇ ಬಿಡುವುದಿಲ್ಲ, ಇನ್ನು ಇದು! ಶಿವಮೊಗ್ಗದಿಂದ ಆಯನೂರು ಮೇಲೆ ಬಂದರೆ ಘಾಟಿ ಇಲ್ಲ, ಒಪ್ಪುತ್ತೇನೆ. ಆದರೆ ಹೊಸನಗರದಿಂದ ಒಳಗೆ ಆ ಸಣ್ಣ ಸೇತುವೆ, ರಸ್ತೆಗೆ ಬಾಗಿದ ಮರ, ತೋಟದ ಪಕ್ಕದ ತಿರುವು, ಅಲ್ಲಿ ಏನು ಮಾಡುತ್ತೀರಿ? ಬಯಲುಸೀಮೆಯಲ್ಲಾದರೆ ತಿರುವಿನಲ್ಲಿ ಪಕ್ಕದ ಹೊಲದವರಿಗೆ ಒಂದಿಷ್ಟು ಕೊಟ್ಟು ಹೊಲದ ಮೇಲೇ ಗಾಡಿ ತಿರುಗಿಸುತ್ತಾರೆ. ಇಲ್ಲಿ ಒಂದು ಕಡೆ ಧರೆ, ಇನ್ನೊಂದು ಕಡೆ ಹೊಂಡ.

ಬಿದನೂರಿನವ:

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಲಿಂಗನಮಕ್ಕಿ ಹಿನ್ನೀರು? ಅಲ್ಲಿ ನೀರಿನ ಮೇಲೆ ಗಾಳಿಗೆ ಅಡ್ಡಿ ಇಲ್ಲ, ಕರೆಂಟ್ ಲೈನೂ ಹತ್ತಿರ ಇದೆ ಅಲ್ವಾ.

ಮಾಸ್ಟ್ ಹತ್ತಿದವ:

ಲೈನಿನ ಮಾತು ಸರಿ. ಎಷ್ಟೋ ಒಳ್ಳೆ ಸೈಟ್ ಹಾಳಾಗುವುದೇ ಸಬ್‌ಸ್ಟೇಷನ್ ದೂರ ಅಂತ. ಶರಾವತಿಯ 1035 ಮೆಗಾವ್ಯಾಟ್ ಇಲ್ಲೇ ಹುಟ್ಟುತ್ತದೆ, ತಾಳಗುಪ್ಪದಲ್ಲಿ 400 ಕೆವಿ ಸ್ಟೇಷನ್ ಇದೆ. ಆದರೆ ಹಿನ್ನೀರು ಬೆಟ್ಟಗಳ ನಡುವಿನ ಕಣಿವೆ. ಮಳೆಗಾಲಕ್ಕೂ ಬೇಸಿಗೆಗೂ ನೀರಿನ ಮಟ್ಟ ಎಷ್ಟು ಬದಲಾಗುತ್ತದೆ ಅಂತ ನಿಮಗೇ ಗೊತ್ತು, ಅಲ್ಲಿ ಬುನಾದಿ ಹಾಕುವುದು ಸುಮ್ನೆ ಅಲ್ಲ. ಅದೂ ಅಲ್ಲದೆ ಹೊಸ ಲೈನು ಬೇಕೇ ಬೇಕು. 220 ಕೆವಿ ಲೈನಿಗೆ 35 ಮೀಟರ್ ಅಗಲದ ಜಾಗ ಬಿಡಬೇಕು. ಲೈನಿನ ಕೆಳಗೆ ಎತ್ತರದ ಬೆಳೆ ಬೆಳೆಸಲು ಬಿಡುವುದಿಲ್ಲ, ಅಂದರೆ ಅಡಿಕೆ ಹೋಯಿತು.

ನನ್ನ ಪ್ರಕಾರ ಶರಾವತಿಗೆ ಗಾಳಿಯಿಂದ ಆಗುವ ಲಾಭ ಬೇರೆ ಥರದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುರ್ಗ, ಗದಗದ ಫ್ಯಾನ್‌ಗಳು ಚೆನ್ನಾಗಿ ಓಡುತ್ತವೆ. ಅದೇ ಹೊತ್ತಿಗೆ ಲಿಂಗನಮಕ್ಕಿಗೆ ನೀರು ಬರುತ್ತಿರುತ್ತದೆ. ಆಗ ಗಾಳಿ ಕರೆಂಟ್ ಬಳಸಿದಷ್ಟೂ ಇಲ್ಲಿನ ನೀರು ಬೇಸಿಗೆಗೆ ಉಳಿಯುತ್ತದೆ. ಫ್ಯಾನ್ ನಮ್ಮ ಬೆಟ್ಟದ ಮೇಲೇ ಇರಬೇಕು ಅಂತ ಏನಿಲ್ಲ.

ದುರ್ಗದ ರೈತ:

ಮಾವನ ಜಮೀನಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹೊಲದ ಪಕ್ಕದಲ್ಲೇ ಫ್ಯಾನ್‌ಗಳಿವೆ.

ಮೊದಲು ಬ್ರೋಕರ್‌ಗೆ ಕೇಳಿ, ಯಾವ ಕಂಪನಿ, ರಾಜ್ಯ ಸರ್ಕಾರದ ನವೀಕರಿಸಬಹುದಾದ ಇಂಧನ ಸಂಸ್ಥೆಯಾದ ಕ್ರೆಡಲ್‌ನಲ್ಲಿ ಅವರ ಹೆಸರಿಗೆ ಪ್ರಾಜೆಕ್ಟ್ ಮಂಜೂರಾಗಿದೆಯಾ, ಹತ್ತಿರದಲ್ಲಿ ಎಲ್ಲಾದರೂ ಮಾಸ್ಟ್ ಹಾಕಿ ಕನಿಷ್ಠ ಒಂದು ವರ್ಷ ಗಾಳಿ ಅಳೆದಿದ್ದಾರಾ. ಅಳೆಯದೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಅಳೆಯದೆ ಅಡ್ವಾನ್ಸ್ ಕೊಡುವವನು ಜಮೀನು ಕಟ್ಟಿ ಹಾಕಿಕೊಂಡು ಬೇರೆಯವರಿಗೆ ಮಾರಲು ಬಂದವನು ಅಂತಲೇ ತಿಳಿಯಿರಿ. ಚೆನ್ನೈನಲ್ಲಿರುವ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಗಾಳಿ ನಕ್ಷೆ ಆನ್‌ಲೈನ್‌ನಲ್ಲಿ ಸಿಗುತ್ತದೆ, ನೀವೇ ನೋಡಬಹುದು. ಅಂದಾಜಿಗೆ ಸಾಕು.

ಆಮೇಲೆ ಮನೆ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಪ್ರಕಾರ ಮನೆಯಿಂದ 500 ಮೀಟರ್ ಒಳಗೆ ಫ್ಯಾನ್ ಹಾಕುವಂತಿಲ್ಲ. ರಾತ್ರಿ ಊರು ಸದ್ದಡಗಿದ ಮೇಲೆ ಆ ಸುಂಯ್ ಸುಂಯ್ ಕೇಳಿದರೆ 500 ಕೂಡ ಕಡಿಮೆ ಅನ್ನಿಸುತ್ತದೆ. ಬೆಳಗ್ಗೆ ಸಂಜೆ ರೆಕ್ಕೆಯ ನೆರಳು ಗೋಡೆ ಮೇಲೆ ಹೊಡೆಯುವುದು ಇನ್ನೊಂದು ಕಿರಿಕಿರಿ.

ಅಗ್ರಿಮೆಂಟ್‌ನಲ್ಲಿ ಬಾಡಿಗೆ ವರ್ಷ ವರ್ಷ ಎಷ್ಟು ಏರುತ್ತದೆ ಅಂತ ಬರೆಸಿ. ರಸ್ತೆಗೆ, ಲೈನಿನ ಕಂಬಕ್ಕೆ ಬೇರೆ ದುಡ್ಡು ಕೇಳಿ. ಫ್ಯಾನ್ ಸುತ್ತ ಮೆಕ್ಕೆಜೋಳ ಬೆಳೆಯಬಹುದು, ನಾವು ಬೆಳೆಯುತ್ತೇವೆ, ಆದರೆ ಅದೂ ಕಾಗದದಲ್ಲಿ ಇರಲಿ. ಎಲ್ಲಕ್ಕಿಂತ ಮುಖ್ಯ, ಯಂತ್ರದ ಆಯಸ್ಸು 20, 25 ವರ್ಷ. ಅದು ಮುಗಿದ ಮೇಲೆ ಕಂಬ ಕಿತ್ತು, ಕಾಂಕ್ರೀಟ್ ಒಡೆದು ಜಮೀನು ವಾಪಸ್ ಕೊಡುವವರು ಯಾರು? ಇದನ್ನು ಕೇಳಿದರೆ ಬ್ರೋಕರ್ ಮುಖ ನೋಡಬೇಕು ನೀವು.

ಬಿದನೂರಿನವ:

ಈಗಷ್ಟೇ ಮಾವನಿಂದ ಫೋನ್ ಮಾಡಿಸಿದೆ. ಕಂಪನಿ ಹೆಸರು ಕೇಳಿದ್ದಕ್ಕೆ "ಸಹಿ ಆದ ಮೇಲೆ ಹೇಳ್ತೀವಿ" ಅಂದನಂತೆ. ಮಾಸ್ಟ್ ಬಗ್ಗೆ ಕೇಳಿದರೆ ಮೊಬೈಲ್ ಟವರ್ ತೋರಿಸುತ್ತಿದ್ದಾನೆ. ಅಡ್ವಾನ್ಸ್ ಮುಟ್ಟಬೇಡಿ ಅಂತ ಹೇಳಿದ್ದೇನೆ. ಕ್ರೆಡಲ್‌ನಲ್ಲಿ ವಿಚಾರಿಸಲು ಬೆಂಗಳೂರಿಗೇ ಹೋಗಬೇಕಾ, ಆನ್‌ಲೈನ್‌ನಲ್ಲಿ ಆಗುತ್ತಾ? ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.