ದವಾಖಾನಿ ಹಂಗ ಕಾಣೋ ಮನಿ ಬೆಚ್ಚಗ ಮಾಡೋದು ಹೆಂಗ?

ಹುಬ್ಬಳ್ಳಿ ವಿದ್ಯಾನಗರದಾಗ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದೇವಿ. ಸಾಮಾನು ಕಡಿಮಿ ಇರಬೇಕು, ಆದ್ರ ಮನಿ ಬಣಬಣ ಅನ್ನಬಾರದು ಅಂತ ಆಸೆ. ಗ್ವಾಡಿಗೆಲ್ಲಾ ಬಿಳೀ ಬಣ್ಣ ಹಚ್ಚಿಸೇವಿ, ರಾತ್ರಿ ಲೈಟ್ ಹಾಕಿದ್ರ ದವಾಖಾನಿ ಆಗ್ತೈತಿ. ಅತ್ತಿಯವರು ಊರಿಂದ ತಂದ ಹಿತ್ತಾಳಿ ಹಂಡೆ, ಕೌದಿ ಅಟ್ಟದ ಮ್ಯಾಲೆ ಗಂಟು ಕಟ್ಟಿಟ್ಟೇವಿ. ಮಾಡಿ ನೋಡಿದವರು ಹೇಳ್ರಿ.

ಧಾರವಾಡದಿಂದ:
ಅಕ್ಕಾರ, ಬಣ್ಣಕ್ಕ ಮತ್ತ ರೊಕ್ಕ ಹಾಕಬ್ಯಾಡ್ರಿ, ಮೊದಲ ಬಲ್ಬ್ ಬದಲಿ ಮಾಡ್ರಿ. ಡಬ್ಬಿ ಮ್ಯಾಲೆ 6500ಕೆ (ಕೆ ಅಂದ್ರ ಕೆಲ್ವಿನ್, ಬೆಳಕಿನ ಬಣ್ಣದ ಅಳತಿ) ಅಂತ ಇದ್ರ ಅದು ನೀಲಿ ಹೊಡಿಯೋ ಬೆಳಕು. 2700ಕೆ ಇಲ್ಲಾ 3000ಕೆ ತಗೊಳ್ರಿ, ಮೊದಲಿನ ಹಳದಿ ಬಲ್ಬಿನ ಬೆಳಕು ಬರ್ತೈತಿ. ನಡುವ ಒಂದು ದೊಡ್ಡ ಲೈಟ್ ಬ್ಯಾಡ, ಮೂಲ್ಯಾಗ ಎರಡು ಸಣ್ಣ ದೀಪ ಇರಲಿ. ಅಡಗಿಮನಿ ಕಟ್ಟಿ ಮ್ಯಾಲೆ, ಹುಡುಗರು ಓದೋ ಕಡೆ ಮಾತ್ರ 4000ಕೆ ಹಾಕ್ರಿ. ನಮ್ಮ ಮನ್ಯಾಗ ಇಷ್ಟಕ್ಕ ಅರ್ಧ ಕೆಲಸ ಆತು.

ಎರಡನೇದು ನವಲಗುಂದದ ಜಮಖಾನ. ಹತ್ತಿ ನೂಲು, ನಿಂತ ಮಗ್ಗದ ಮ್ಯಾಲೆ ಹೆಣ್ಣಮಕ್ಕಳು ಕೈಲೆ ನೇಯ್ತಾರ. ನವಿಲು, ಪಗಡಿ ಹಾಸಿನ ಚಿತ್ತಾರ, ಕೆಂಪು ಹಳದಿ ಭಾಳ ಗಟ್ಟಿ. ಅದಕ್ಕ ಹಾಲಿಗೆ ಒಂದ ಸಾಕು. ಅದು ಮಾತಾಡಬೇಕು, ಉಳಿದದ್ದು ಸುಮ್ಮನಿರಬೇಕು. ಸೋಫಾಕ್ಕ ಬಣ್ಣ ಹಾಕದ ಖಾದಿ ಹೊದಿಸ್ರಿ. ರಾಷ್ಟ್ರಧ್ವಜ ತಯಾರಾಗೋ ಬೆಂಗೇರಿ ನಿಮ್ಮೂರಾಗ ಐತಿ, ಖಾದಿಗೆ ದೂರ ಹೋಗೂದು ಬ್ಯಾಡ. ಜಮಖಾನ ತೊಳಿಯೂ ಮುಂಚೆ ಒದ್ದಿ ಅರಿವಿಲೆ ಒಂದು ಮೂಲಿ ಒರಸಿ ನೋಡ್ರಿ, ಬಣ್ಣ ಬಿಡ್ತೈತೇನು ಅಂತ.

ನಾನು ತಪ್ಪಿದ್ದು ಪರದೇದಾಗ. ನೆಲ ಮುಟ್ಟೋ ಹಾಲಿನ ಬಿಳುಪಿನ ಪರದೆ ಹಾಕಿಸಿದ್ದೆ. ಬ್ಯಾಸಗಿ ಗಾಳಿಗೆ ಎರಿಮಣ್ಣಿನ ಧೂಳಿ ಹೊಕ್ಕು ತಿಂಗಳೊಳಗ ಅಂಚೆಲ್ಲಾ ಬೂದಿ ಆಗಿತ್ತು. ಈಗ ಗೋದಿ ಬಣ್ಣದ್ದು ಹಾಕೇನಿ, ನೆಲದಿಂದ ನಾಕು ಬೆರಳು ಮ್ಯಾಲೆ.

ಗದಗದಿಂದ:
ಕೌದಿ ಇವತ್ತ ಇಳಸ್ರಿ! ಎಷ್ಟು ಹಳೇ ಸೀರಿ ಅದರಾಗ ಕೂಡ್ಯಾವೋ, ಅಷ್ಟು ಬೆಚ್ಚಗಿನ ವಸ್ತು ಯಾವ ಅಂಗಡ್ಯಾಗೂ ಸಿಗಂಗಿಲ್ಲ. ಮಂಚದ ಕಾಲ್ದೆಸಿಗೆ ಮಡಚಿ ಹಾಕ್ರಿ. ಗ್ವಾಡಿಗೆ ಹಾಕೂದಾದ್ರ ಮೊಳಿ ಹೊಡಿಬ್ಯಾಡ್ರಿ, ಹರೀತೈತಿ. ಹಿಂದ ಮ್ಯಾಲಿನ ಅಂಚಿಗೆ ಒಂದು ಪಟ್ಟಿ ಹೊಲದು ಕಟಗಿ ಕೋಲು ತೂರಿಸ್ರಿ. ನೇರ ಬಿಸಿಲು ಬೀಳೋ ಗ್ವಾಡಿ ಬ್ಯಾಡ, ಬಣ್ಣ ಹೋಗ್ತೈತಿ.

ಹಾವೇರಿಯಿಂದ:
ಹಂಡೆ ಬಾಗಲ ಹತ್ತಿರ ಇಟ್ಟು ಅದರೊಳಗ ಗಿಡದ ಪಾಟ್ ಇಡ್ರಿ, ನೇರ ಮಣ್ಣು ತುಂಬಬ್ಯಾಡ್ರಿ. ತಿಕ್ಕಾಕ ಹುಣಸಿಹಣ್ಣು, ಉಪ್ಪು ಸಾಕು. ಒಂದ ಮಾತು: ಎಲ್ಲಿ ಇಡಬೇಕು ಅಂತ ಅತ್ತಿಯವರನ್ನ ಕೇಳ್ರಿ. ನಮ್ಮ ಅತ್ತಿಯವರು ಜಾಗಾ ತಾವ ಆರಿಸಿದ್ರು, ಈಗ ದಿನಾ ಮುಂಜಾನೆ ಆ ಗಿಡಕ್ಕ ನೀರು ಅವರ್ದ.

ಕೇಳಿದವರು:
ಹಾಲಿನ ಬಲ್ಬ್ ಬದಲಿ ಮಾಡಿದ್ವಿ. ಅದ ಬಿಳೀ ಗ್ವಾಡಿ ಕೆನಿ ಬಣ್ಣ ಕಾಣಾಕತ್ತೈತಿ! ಜಮಖಾನದ ಅಳತಿ ಎಷ್ಟಿರಬೇಕ್ರಿ?

ಧಾರವಾಡದಿಂದ:
ಸೋಫಾದ ಮುಂದಿನ ಕಾಲು ಅದರ ಮ್ಯಾಲೆ ಬರಬೇಕ್ರಿ. ನೆಲಕ್ಕ ಹಳೇ ಪೇಪರ್ ಹಾಸಿ ಅಳತಿ ಬರಕೊಂಡು ನವಲಗುಂದಕ್ಕ ಹೋಗ್ರಿ.