ಐರಿಷ್–ಬ್ರಿಟಿಷ್ ಇತಿಹಾಸ: ಹೊರಗಿನವರು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ, ಮೈಸೂರಿನಿಂದ: ಮುಂದಿನ ತಿಂಗಳು ಕೆಲಸದ ಮೇಲೆ ಡಬ್ಲಿನ್‌ಗೆ ಹೋಗುತ್ತಿದ್ದೇನೆ, ಆರು ತಿಂಗಳಿಗೆ. ಬೆಲ್‌ಫಾಸ್ಟ್ ಆಫೀಸಿಗೂ ಓಡಾಟ ಇರುತ್ತದೆ. ಐರಿಷರಿಗೂ ಬ್ರಿಟಿಷರಿಗೂ ಆಗಿಬರುವುದಿಲ್ಲ ಅನ್ನುವುದು ಬಿಟ್ಟರೆ ನನಗೇನೂ ಗೊತ್ತಿಲ್ಲ. ‘ನಮ್ಮನ್ನೂ ಅವರೇ ಆಳಿದ್ದು’ ಅಂತ ಮಾತು ಶುರು ಮಾಡಬಹುದಾ? ಅಲ್ಲಿ ಇದ್ದವರು ಹೇಳಿ.

ಡಬ್ಲಿನ್‌ನಲ್ಲಿ ಏಳು ವರ್ಷದಿಂದ ಇರುವವರು: ನಾನು ಮೊದಲ ವಾರವೇ ಎಡವಿದೆ. ಟೀ ಹೊತ್ತಿನಲ್ಲಿ ‘ನಿಮ್ಮ ಯುಕೆಯಲ್ಲಿ ಮಳೆ ಜಾಸ್ತಿ ಅಲ್ವಾ’ ಅಂದುಬಿಟ್ಟೆ. ಎದುರಿಗಿದ್ದವರು ಬೈಯಲಿಲ್ಲ. ಬಿಸ್ಕತ್ತು ಅದ್ದುತ್ತಿದ್ದ ಕೈ ಅಲ್ಲೇ ನಿಂತಿತು, ಬಿಸ್ಕತ್ತು ಮುರಿದು ಕಪ್ಪಿನೊಳಗೆ ಬಿತ್ತು. ‘ಇದು ಯುಕೆ ಅಲ್ಲ’ ಅಂದರು, ಅಷ್ಟೇ. ಬ್ರಿಟನ್ ಜೊತೆಗಿನ 1921ರ ಒಪ್ಪಂದದ ನಂತರ ಐರ್ಲೆಂಡಿನ 32 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದ ಹಾಗೆ) ಡಬ್ಲಿನ್ ಸೇರಿ 26 ಬೇರೆ ದೇಶವಾದವು, ಬೆಲ್‌ಫಾಸ್ಟ್ ಇರುವ ಉತ್ತರದ 6 ಬ್ರಿಟನ್ ಜೊತೆ ಉಳಿದವು. ವಿಮಾನ ಹತ್ತುವ ಮೊದಲು ಇಷ್ಟಾದರೂ ತಿಳಿದಿರಲಿ.

ಎಲ್ಲರೂ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್ನಿನಲ್ಲಿ ನಡೆದ 1916ರ ಈಸ್ಟರ್ ಬಂಡಾಯದಿಂದ ಓದಲು ಶುರು ಮಾಡುತ್ತಾರೆ. ನನ್ನನ್ನು ಕೇಳಿದರೆ 1845ರ ಬರಗಾಲದಿಂದ ಶುರು ಮಾಡಿ. ಆಲೂಗಡ್ಡೆಗೆ ರೋಗ ಬಿತ್ತು. ಬಡವರ ಹೊಟ್ಟೆ ತುಂಬಿಸುತ್ತಿದ್ದದ್ದು ಅದೊಂದೇ. ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಆಗಲೂ ಬಂದರುಗಳಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು. ಇವತ್ತಿಗೂ ಇಡೀ ದ್ವೀಪದ ಜನಸಂಖ್ಯೆ 1841ರ ಲೆಕ್ಕವನ್ನು ಮುಟ್ಟಿಲ್ಲ. ಇದು ತಲೆಗೆ ಹೋದ ಮೇಲೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಕಿಲ್‌ಮೇನಮ್ ಜೈಲಿಗೆ ಖಂಡಿತ ಹೋಗಿ. 1916ರ ಬಂಡಾಯದವರಲ್ಲಿ 14 ಜನರನ್ನು ಬ್ರಿಟಿಷರು ಗುಂಡಿಕ್ಕಿ ಕೊಂದ ಅಂಗಳ ಅಲ್ಲೇ ಇದೆ. ಅಲ್ಲಿ ಎರಡು ಶಿಲುಬೆಗಳಿವೆ. ಒಂದು, ಗಾಯದಿಂದ ನಿಲ್ಲಲಾಗದ, ಬಂಡಾಯದ ನಾಯಕರಲ್ಲೊಬ್ಬನಾದ ಜೇಮ್ಸ್ ಕಾನಲಿಯನ್ನು ಕುರ್ಚಿಗೆ ಕಟ್ಟಿ ಕೊಂದ ಜಾಗದಲ್ಲಿ. ಬಂಡಾಯವನ್ನು ಬೆಂಬಲಿಸದಿದ್ದ ಡಬ್ಲಿನ್ನಿನ ಜನರನ್ನೂ ಬಂಡಾಯದ ಕಡೆಗೆ ತಿರುಗಿಸಿದ್ದು ಈ ಸಾವುಗಳೇ. ಟಿಕೆಟ್ ಮೊದಲೇ ಮಾಡಿಸಿ, ಬೇಗ ಖಾಲಿಯಾಗುತ್ತವೆ.

ಬೆಲ್‌ಫಾಸ್ಟ್‌ನಿಂದ: ಡಬ್ಲಿನ್ನಿನ ಪಾಠ ಇಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ‘ಬ್ರಿಟಿಷರು ಬಂದರು’ ಅಂತ ನೀವು ಹೇಳುವಾಗ, ನಾನೂ ಬ್ರಿಟಿಷನೇ ಅನ್ನುವವರು ಪಕ್ಕದಲ್ಲೇ ಕೂತಿರುತ್ತಾರೆ. ಅವರ ಕಡೆಯವರು ನಾನೂರು ವರ್ಷದಿಂದ ಇಲ್ಲೇ ಇದ್ದಾರೆ. ಅವರನ್ನು ಹೊರಗಿನವರು ಅನ್ನಲು ನಾವ್ಯಾರು? ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು ಹೆಚ್ಚಾಗಿ ಪ್ರೊಟೆಸ್ಟೆಂಟರು, ಐರ್ಲೆಂಡ್ ಜೊತೆ ಸೇರಬೇಕು ಅನ್ನುವವರು ಹೆಚ್ಚಾಗಿ ಕ್ಯಾಥೊಲಿಕರು.

ಕೆಲಸಕ್ಕೆ ಅರ್ಜಿ ಹಾಕುವಾಗ ಜೊತೆಗೊಂದು ಫಾರಂ ಕೊಟ್ಟರು. ಪ್ರೊಟೆಸ್ಟೆಂಟ್ ಸಮುದಾಯ, ಕ್ಯಾಥೊಲಿಕ್ ಸಮುದಾಯ, ಎರಡೂ ಅಲ್ಲ. ಮೂರನೆಯದಕ್ಕೆ ಟಿಕ್ ಹಾಕಿದೆ. ಒಂದು ಕಡೆಯವರಿಗೆ ಕೆಲಸ ತಪ್ಪಬಾರದು ಅಂತ ಕಾನೂನೇ ಇದನ್ನು ಕೇಳುತ್ತದೆ. ಆದರೆ ನಿಮ್ಮ ಜೊತೆ ಕೆಲಸ ಮಾಡುವವರನ್ನು ಯಾವ ಸ್ಕೂಲಿನಲ್ಲಿ ಓದಿದಿರಿ ಅಂತ ಸುಮ್ನೆ ಕೂಡ ಕೇಳಬೇಡಿ. ನಮಗದು ಕುಶಲ ಮಾತು, ಇಲ್ಲಿ ಎರಡು ಕಡೆಯವರ ಸ್ಕೂಲುಗಳು ಹೆಚ್ಚಾಗಿ ಬೇರೆ ಬೇರೆ, ಹಾಗಾಗಿ ಅದು ನೀವು ಯಾವ ಕಡೆ ಅಂತ ಕೇಳಿದ ಹಾಗೆ.

ಕ್ಯಾಥೊಲಿಕರ ಫಾಲ್ಸ್ ರೋಡ್, ಪ್ರೊಟೆಸ್ಟೆಂಟರ ಶಾಂಕಿಲ್ ರೋಡ್ ಮಧ್ಯೆ ಇನ್ನೂ ಎತ್ತರದ ಗೋಡೆ ಇದೆ. ಅದರ ಗೇಟುಗಳಿಗೆ ರಾತ್ರಿ ಬೀಗ. ಇಲ್ಲಿನ ಹಿಂಸೆಗೆ ತೆರೆ ಎಳೆದ 1998ರ ಗುಡ್ ಫ್ರೈಡೇ ಒಪ್ಪಂದವಾಗಿ ಇಷ್ಟು ವರ್ಷವಾದರೂ! ಅದಕ್ಕೂ ಮೊದಲಿನ ಮೂವತ್ತು ವರ್ಷದ ಗಲಭೆಯಲ್ಲಿ ಸುಮಾರು 3,500 ಜನ ಸತ್ತರು. ಟ್ಯಾಕ್ಸಿ ಟೂರ್ ಮಾಡುವುದಾದರೆ ಎರಡು ಮಾಡಿ, ಒಂದೊಂದು ಕಡೆಯವರ ಜೊತೆ ಒಂದೊಂದು. ದುಡ್ಡು ದಂಡ ಅನಿಸುವುದಿಲ್ಲ.

ಉತ್ತರದ್ದೇ ಇನ್ನೊಂದು ಊರು ಡೆರಿಗೂ ಹೋಗಿ. 1972ರ ಜನವರಿ 30ರಂದು ಬ್ರಿಟಿಷ್ ಸೈನಿಕರು ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಜನರನ್ನು ಕೊಂದರು. ತಪ್ಪಾಯಿತು ಅಂತ ಬ್ರಿಟನ್ನಿನ ಪ್ರಧಾನಿ ಸಂಸತ್ತಿನಲ್ಲಿ ಹೇಳಿದ್ದು 2010ರಲ್ಲಿ. ಊರಿನ ಹೆಸರಿನಲ್ಲೂ ಜಗಳ ಇದೆ: ಡೆರಿಯೋ ಲಂಡನ್‌ಡೆರಿಯೋ? ಎದುರಿನವರು ಏನನ್ನುತ್ತಾರೋ ನೋಡಿಕೊಂಡು ಅದನ್ನೇ ಹೇಳಿ.

ಕಾರ್ಕ್‌ನಲ್ಲಿ ಓದಿದವರು: ‘ನಮ್ಮನ್ನೂ ಅವರೇ ಆಳಿದ್ದು’ ಮಾತಿನಿಂದಲೇ ನನಗೆ ಒಳ್ಳೆಯ ಸ್ನೇಹಿತರು ಸಿಕ್ಕರು, ಅಷ್ಟೇನೂ ಹೆದರಬೇಡಿ. 1920ರಲ್ಲಿ ಜಲಂಧರಿನಲ್ಲಿದ್ದ ಕನಾಟ್ ರೇಂಜರ್ಸ್‌ನ (ಬ್ರಿಟಿಷ್ ಸೇನೆಯ ಐರಿಷ್ ದಳ) ಐರಿಷ್ ಸೈನಿಕರು, ಐರ್ಲೆಂಡಿನಲ್ಲಿ ಬ್ರಿಟಿಷ್ ಪಡೆಗಳು ನಡೆಸುತ್ತಿದ್ದ ದೌರ್ಜನ್ಯ ಕೇಳಿ ಬಂದೂಕು ಕೆಳಗಿಟ್ಟರು. ಆ ದಳದಲ್ಲಿ ಬಂಡೆದ್ದ ಜೇಮ್ಸ್ ಡೇಲಿಯನ್ನು ಬ್ರಿಟಿಷರು ಗುಂಡಿಕ್ಕಿ ಕೊಂದದ್ದು ನಮ್ಮ ದೇಶದಲ್ಲೇ. ಈ ಕಥೆ ಹೇಳಿ, ಮಾತು ತಾನೇ ಮುಂದೆ ಹೋಗುತ್ತದೆ.

ಮತ್ತೆ ಡಬ್ಲಿನ್‌ನಿಂದ: ಹೇಳಿ, ಆದರೆ ಇನ್ನರ್ಧವೂ ಗೊತ್ತಿರಲಿ: ನಮ್ಮನ್ನು ಆಳಿದವರಲ್ಲಿ ಐರ್ಲೆಂಡಿನವರೂ ಇದ್ದರು. ಜಲಿಯನ್‌ವಾಲಾ ಬಾಗ್ ಹೊತ್ತಿಗೆ ಪಂಜಾಬನ್ನು ಆಳುತ್ತಿದ್ದ ಓಡ್ವಯರ್ ಐರ್ಲೆಂಡಿನ ಟಿಪರರಿಯವನು. ನೀವಂತೂ ಮೈಸೂರಿನವರು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಟಿಪ್ಪು ಸತ್ತ ಮೇಲೆ ಅಲ್ಲಿನ ಅಧಿಕಾರ ಹಿಡಿದ, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು ಡಬ್ಲಿನ್ನಿನಲ್ಲೇ. ಫೀನಿಕ್ಸ್ ಪಾರ್ಕಿನಲ್ಲಿ ಅವನ ಹೆಸರಿನ 62 ಮೀಟರ್ ಕಲ್ಲುಕಂಬ ಇದೆ, ಕೆಳಗಿನ ಫಲಕವೊಂದರಲ್ಲಿ ಇಂಡಿಯಾದ ಯುದ್ಧಗಳ ಚಿತ್ರ. ಭಾನುವಾರ ಬನ್ನಿ, ನಾನೇ ತೋರಿಸುತ್ತೇನೆ. ಪಾರ್ಕಿಗೆ ಟಿಕೆಟ್ ಇಲ್ಲ. ಜಿಂಕೆಗಳು ಹತ್ತಿರ ಬರುತ್ತವೆ, ತಿನ್ನಲು ಮಾತ್ರ ಏನೂ ಕೊಡಬೇಡಿ.